ಸದ್ದು ಮಾಡದ ಮಗು

ಬೆಳಗಿನ ಹತ್ತೂವರೆಗೆ ಮೇಲಿನ ಮನೆಯಲ್ಲಿ ಯಾರೋ ಮಂಚ ಎಳೆದರು. ಆ ಸದ್ದು ಚಾವಣಿ ಇಳಿದು, ಎರಡು ದಪ್ಪ ಕಂಬಳಿ, ಒಂದು ಹತ್ತಿಯ ಹಾಸಿಗೆ, ಅಂಟು ಹಚ್ಚಿ ಬಡಿದ ಸ್ಪಂಜಿನ ಹಾಳೆ ಇಷ್ಟನ್ನೂ ದಾಟಿ ಅಳಿಲಮ್ಮನ ಮೈಕಿನೊಳಗೆ ಬಂದು ಕೂತಿತು. ಅವಳು ಆಗ ಕರುವಿನ ಹಾಗೆ ಕೂಗುತ್ತಿದ್ದಳು. ಚೆನ್ನಾಗಿಯೇ ಬರುತ್ತಿತ್ತು. ಅರ್ಧಕ್ಕೇ ಕೂಗು ನಿಲ್ಲಿಸಿ, ಹೆಡ್‌ಫೋನ್ ಕಿತ್ತು, ಕತ್ತಲಲ್ಲಿ ಒಂದು ನಿಮಿಷ ಹಾಗೇ ಕೂತಳು. ಇದು ಆ ಬೆಳಗಿನ ಐದನೆಯ ಸಲ.

ಅಳಿಲಮ್ಮ ಎಂಬುದು ಅವಳಿಗೆ ಕಟ್ಟಡದ ಮಕ್ಕಳು ಇಟ್ಟ ಹೆಸರು. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಪುಟಾಣಿಗಳಿಗೆ ಎರಡು ಭಾಷೆ ಕಲಿಸುವ ಒಂದು ಕಾರ್ಟೂನು ಬರುತ್ತದೆ. ಅದರಲ್ಲಿ ಅಳಿಲು ಮನೆಮಾತಿನಲ್ಲಿ ಹೇಳಿದ್ದನ್ನು ಬಾತುಕೋಳಿ ಶಾಲೆಯ ಭಾಷೆಯಲ್ಲಿ ಹೇಳುತ್ತದೆ. ಆಮೇಲೆ ಎರಡೂ ಬಾಯಿ ಮುಚ್ಚಿ ತೆರೆಯ ಈಚೆಗಿರುವ ಮಗುವನ್ನೇ ನೋಡುತ್ತವೆ, ಈಗ ನಿನ್ನ ಸರದಿ ಎನ್ನುವ ಹಾಗೆ. ಮಗು ಹೇಳಲಿ ಬಿಡಲಿ, 'ಭೇಷ್ ಭೇಷ್' ಎಂದು ಕುಣಿಯುತ್ತವೆ. ಅಳಿಲೂ ಅವಳೇ, ಬಾತುಕೋಳಿಯೂ ಅವಳೇ. ಮಲಗುವ ಕೋಣೆಯ ದೊಡ್ಡ ಮರದ ಬೀರುವಿನ ಹಲಗೆಗಳನ್ನೆಲ್ಲ ತೆಗೆಸಿ, ಒಳಗೆ ಕಂಬಳಿ ಹೊಡೆಸಿ, ಒಂದು ಸ್ಟೂಲು ಮತ್ತು ಒಂದು ಮೈಕು ಇಟ್ಟುಕೊಂಡಿದ್ದಳು. ಅದೇ ಅವಳ ಕಚೇರಿ. ಎಷ್ಟೋ ಮನೆಗಳ ಮಕ್ಕಳು ಆ ಬೀರುವಿನಿಂದ ಹೊರಟ ದನಿಯನ್ನು ಕೇಳಿ ಮೊದಲ ಮಾತು ಕಲಿತಿದ್ದವು. ಅದು ಅವಳಿಗೆ ಹೆಮ್ಮೆ, ಹೆಮ್ಮೆಪಡಬೇಕಾದದ್ದೇ.

ಹಾವಿಗೆ ಹೆದರುವವರಿದ್ದಾರೆ, ಹಲ್ಲಿಗೆ ಹೆದರುವವರಿದ್ದಾರೆ. ಅಳಿಲಮ್ಮ ಹೆದರುತ್ತಿದ್ದುದು ಸದ್ದಿಗೆ. ಕುಕ್ಕರಿನ ಸೀಟಿ, ಕಿಟಕಿಗೆ ಬಂದು ಕೂರುವ ಕಾಗೆ, ನೀರೆತ್ತುವ ಮೋಟಾರು, ಕೆಳಗಿನ ಮನೆಯವರ ಕೆಮ್ಮು, ಇವೆಲ್ಲದರ ವೇಳಾಪಟ್ಟಿ ಅವಳ ನಾಲಿಗೆಯ ತುದಿಯಲ್ಲಿತ್ತು. ಒಂದು ಸದ್ದು ನುಸುಳಿದರೂ ನಿರ್ದೇಶಕರು ಕಂತನ್ನು ವಾಪಸ್ ಕಳಿಸುತ್ತಿದ್ದರು. ಹೀಗೆ ಮೂರು ಸಲ ಕಂತು ವಾಪಸ್ ಬಂದವಳೊಬ್ಬಳ ಕೆಲಸ ಹೋಗಿ ಅದು ಇವಳಿಗೆ ಸಿಕ್ಕಿತ್ತು. ಬಂದ ದಾರಿ ಗೊತ್ತಿದ್ದವರಿಗೆ ಹೋಗುವ ದಾರಿಯೂ ಗೊತ್ತಿರುತ್ತದೆ. ಆದ್ದರಿಂದ ಭಯ ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸದ್ದು ಮನೆಯೊಳಗೇ ಇತ್ತು. ಅದಕ್ಕೆ ಮೂರೂವರೆ ವರ್ಷ. ಮಗಳನ್ನು ಅವರು ಕರೆಯುತ್ತಿದ್ದುದು ಗುಬ್ಬಿ ಎಂದು. ಎರಡು ವರ್ಷದವಳಿದ್ದಾಗ ಗುಬ್ಬಿಯ ಬಾಯಿ ಹಿಡಿಯಲು ಯಾರಿಂದಲೂ ಆಗುತ್ತಿರಲಿಲ್ಲ. ಆಗಲೇ ಅಳಿಲಮ್ಮ ಬೀರುವಿನ ಹೊರಗೆ ಒಂದು ಕೆಂಪು ದೀಪ ಹಾಕಿಸಿದ್ದು. ದೀಪ ಹತ್ತಿದರೆ ಬಾಯಿಗೆ ಬೀಗ. ದೀಪ ಕಾಣದ ಕಡೆ ಇದ್ದರೂ ಅಮ್ಮನ ದೊಡ್ಡ ದನಿ ಕೇಳಿಸಿತೆಂದರೆ ಬೀಗ. ಅಮ್ಮ ಹೊರಗೆ ಬಂದು 'ಆಯ್ತು' ಅಂದ ಮೇಲೆ ಮಾತ್ರ ಬೀಗ ತೆಗೆಯಬಹುದು. ಅಲ್ಲಿಯವರೆಗೆ ಹೆಡ್‌ಫೋನ್ ಹಾಕಿಕೊಂಡು ಟ್ಯಾಬಿನಲ್ಲಿ ಅಮ್ಮನದೇ ಕಾರ್ಟೂನು ನೋಡಬೇಕು. ಬಾತುಕೋಳಿ ಕೇಳಿದ್ದಕ್ಕೆ ಉತ್ತರ ಮನಸ್ಸಿನಲ್ಲೇ ಹೇಳಬೇಕು. ಸುಮ್ಮನಿದ್ದ ದಿನ ಕೈಯ ಮೇಲೆ ಒಂದು ನಕ್ಷತ್ರದ ಸ್ಟಿಕ್ಕರು. ಮಕ್ಕಳು ಬೇಗ ಕಲಿಯುತ್ತವೆ. ಗುಬ್ಬಿ ತೀರ ಬೇಗ ಕಲಿತಳು, ಚೆನ್ನಾಗಿಯೂ ಕಲಿತಳು.

ಕೆಳಗೆ ಗೇಟಿನ ಪಕ್ಕ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಕ್ಕ ಇದನ್ನು ಕಂಡು ಹೊಗಳದ ದಿನವಿರಲಿಲ್ಲ. ಚಿನ್ನದಂಥ ಮಗು, ಮನೆಯಲ್ಲಿ ಒಂದು ಕೂಸಿದೆ ಎಂದು ಗೋಡೆಗೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದಳು. ಅಳಿಲಮ್ಮ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು.

ಗಂಡ ಮಾತ್ರ ಹಿಗ್ಗಿರಲಿಲ್ಲ. ಅವನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತಂತ್ರಜ್ಞ. ಬೆಳಗಿನ ಐದಕ್ಕೆ ಹೊರಟರೆ ಮಧ್ಯಾಹ್ನ ಎರಡಕ್ಕೆ ಬಂದು ಮಲಗುವವನು. ಮೂರು ವಾರದ ಹಿಂದೆ ಒಂದು ಸಂಜೆ, ಮಗಳಿಗೆ ಸಾಕ್ಸ್ ಹಾಕುತ್ತಾ, ನೆಲ ನೋಡಿಕೊಂಡೇ ಅವನು ಕೇಳಿದ್ದ.

"ಇವಳು ಮಾತಾಡೋದು ಕಮ್ಮಿ ಆಗಿದೆ ಅನ್ಸಲ್ವಾ ನಿಂಗೆ?"

"ಎರಡು ಭಾಷೆ ಒಟ್ಟಿಗೆ ಕಲೀತಿದಾಳೆ. ಅಂಥ ಮಕ್ಕಳು ಸ್ವಲ್ಪ ತಡ ಮಾಡ್ತಾರೆ."

"ತಡ ಬೇರೆ. ಬರ್ತಿದ್ದಿದ್ದು ನಿಲ್ಲೋದು ಬೇರೆ."

ಅವಳಿಗೆ ಉರಿದುಹೋಯಿತು. ಹಾಗಾದರೆ ಬೇರೆ ದಾರಿ ಹೇಳಿ ಎಂದಳು. ಮಗಳ ಜೊತೆ ಇರಬೇಕೆಂದೇ ಅಲ್ಲವೇ ಸ್ಟುಡಿಯೋ ಬಿಟ್ಟು ಬೀರುವಿನೊಳಗೆ ಕೂತು ಬೆವರುತ್ತಿರುವುದು? ಕೆಲಸಕ್ಕೆ ಹೊರಗೆ ಹೋಗುವ ತಾಯಂದಿರು ಮಗುವನ್ನು ಯಾರ ಕೈಗೋ ಕೊಟ್ಟು ಹೋಗುತ್ತಾರೆ, ತಾನು ಹದಿನೈದು ಹೆಜ್ಜೆ ದೂರದಲ್ಲಿದ್ದೇನೆ. ನೋಡುತ್ತಿರುವುದು ಹಾಳುಮೂಳಲ್ಲ, ಪಾಠ. ಅದರ ಪ್ರತಿ ಮಾತನ್ನೂ ತಾನೇ ಆಡಿದ್ದು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಗಂಡ ಇನ್ನೊಂದು ಕಾಲಿನ ಸಾಕ್ಸ್ ಎತ್ತಿಕೊಂಡ. ಇಬ್ಬರೂ ಏರುದನಿ ಮಾಡಿದ್ದರಿಂದ ಗುಬ್ಬಿ ತುಟಿ ಒಳಗೆಳೆದುಕೊಂಡು ಕೂತಿದ್ದಳು. ಅದನ್ನು ಇಬ್ಬರೂ ಗಮನಿಸಲಿಲ್ಲ. ಆ ಮಾತು ಆಡಿ ಮುಗಿದ ಮೇಲೆ ಅಳಿಲಮ್ಮನೊಳಗೆ ಇನ್ನೊಂದು ಭಯ ಸೇರಿಕೊಂಡಿತು. ಅದನ್ನು ಹೆಸರಿಟ್ಟು ಕರೆಯಲು ಅವಳಿಗೆ ಧೈರ್ಯವಿರಲಿಲ್ಲ.

ಈಗ ಮಂಚ ಎಳೆದ ಮನೆಯ ವಿಷಯ. ಮೇಲಿನ ಸಂಸಾರ ಮನೆ ಖಾಲಿ ಮಾಡುತ್ತಿತ್ತು. ಅವರೆಲ್ಲ ಹಿಂದಿನ ದಿನವೇ ಹೊಸ ಮನೆಗೆ ಹೋಗಿದ್ದರು. ಸಾಮಾನು ಸಾಗಿಸುವ ಆಳುಗಳು ಬೆಳಗ್ಗೆ ಎಂಟಕ್ಕೇ ಬಂದು ದಡಬಡ ಶುರು ಮಾಡಿದ್ದರು. ಅಳಿಲಮ್ಮನ ಕಂತು ಹನ್ನೆರಡಕ್ಕೆ ಕಳಿಸಬೇಕು. 'ಯಾರು ಹೇಗೆ ಕೂಗುತ್ತಾರೆ' ಎಂಬ ಪಾಠ, ಇಪ್ಪತ್ತೆರಡು ಪ್ರಾಣಿ, ಎರಡು ಭಾಷೆ. ನಿರ್ದೇಶಕರು ಎರಡು ಸಲ ಫೋನು ಮಾಡಿಯೂ ಆಗಿತ್ತು. ಅವಳು ಬೀರುವಿನಿಂದ ಹೊರಗೆ ಬಂದು, ಗುಬ್ಬಿ ಟ್ಯಾಬಿನ ಮುಂದೆ ಕೂತಿದ್ದನ್ನು ನೋಡಿ, ಬಾಗಿಲು ತೆಗೆದು ಮೇಲಕ್ಕೆ ಓಡಿದಳು.

ಆಳುಗಳ ಮೇಸ್ತ್ರಿ ದಪ್ಪ ಮೀಸೆಯ, ನಗುಮುಖದ ಮನುಷ್ಯ. ಅರ್ಧ ಗಂಟೆ ಏನೂ ಎಳೆಯಬೇಡಿ ಎಂದು ಅವಳು ಬೇಡಿಕೊಂಡಾಗ, ಮನೆ ಸಾಗಿಸುವುದು ಸದ್ದಿಲ್ಲದೆ ಮಾಡಿದರೆ ಜನ ನಮ್ಮನ್ನು ಕಳ್ಳರು ಅಂದುಕೊಳ್ಳುತ್ತಾರಮ್ಮ ಎಂದ. ಆದರೆ ಒಪ್ಪಿದ. ಹತ್ತು ನಿಮಿಷ ಆಳುಗಳಿಗೆ ಚಹಾ ಕುಡಿಸಿ, ಆಮೇಲೆ ಮೆಟ್ಟಿಲ ಹತ್ತಿರ ತಂದಿಟ್ಟಿರುವ ಸಾಮಾನನ್ನು ಸದ್ದಾಗದ ಹಾಗೆ ಇಳಿಸುತ್ತೇವೆ ಎಂದ. ಒಂದೊಂದು ನಿಮಿಷವೂ ಬಂಗಾರ. ಅಳಿಲಮ್ಮ ಒಂದೇ ಉಸಿರಿಗೆ ಕೆಳಗಿಳಿದು, ಕಾಲಿನಿಂದ ಬಾಗಿಲು ದೂಡಿ, ಬೀರುವಿನೊಳಗೆ ಹೊಕ್ಕು, ಕೆಂಪು ದೀಪ ಹಾಕಿಕೊಂಡಳು. ದೂಡಿದ ಬಾಗಿಲು ಚಿಲಕಕ್ಕೆ ಬಿತ್ತೋ ಇಲ್ಲವೋ ನೋಡಲಿಲ್ಲ.

ಇಪ್ಪತ್ತೆರಡು ಪ್ರಾಣಿಯೂ ಆ ದಿನ ಅವಳ ಗಂಟಲಿಗೆ ಒಲಿದು ಬಂದವು. ಮುಗಿಸಿ ಹೊರಬಂದಾಗ ಹನ್ನೊಂದೂಕಾಲು.

"ಆಯ್ತು ಗುಬ್ಬಿ."

ಟ್ಯಾಬು ನೆಲದ ಮೇಲಿತ್ತು. ಬಾತುಕೋಳಿ ಬಾಯಿ ಮುಚ್ಚಿಕೊಂಡು ಯಾರದೋ ಉತ್ತರಕ್ಕೆ ಕಾಯುತ್ತಿತ್ತು. ಹೆಡ್‌ಫೋನ್ ಪಕ್ಕದಲ್ಲಿ ಬಿದ್ದಿತ್ತು. ಮುಂಬಾಗಿಲು ಒಂದು ಗೇಣು ತೆರೆದಿತ್ತು.

ಮೊದಲು ಅವಳಿಗೆ ಗಾಬರಿ ಆಗಲಿಲ್ಲ. ಬಚ್ಚಲು ನೋಡಿದಳು, ಮಂಚದ ಕೆಳಗೆ ನೋಡಿದಳು, ಅಡುಗೆಮನೆಯ ಕಟ್ಟೆಯ ಕೆಳಗೆ ನೋಡಿದಳು. ಎರಡನೆಯ ಸಲ ಅದೇ ಜಾಗಗಳನ್ನು ನೋಡಿದಳು. ಮೂರನೆಯ ಸಲ ಬಟ್ಟೆಯ ಬುಟ್ಟಿಯೊಳಗೆ ಕೈ ಹಾಕಿ ಹುಡುಕುವಾಗ ತಾನೇನು ಮಾಡುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಬಂದು ನಿಂತು ಕೂಗಿದಳು. ಕೂಗುವುದು ಅವಳ ಕಸುಬು. ಆ ಕೂಗಿಗೆ ಮೂರು ಮಹಡಿಯ ಬಾಗಿಲುಗಳೂ ತೆರೆದುಕೊಂಡವು. ಗುಬ್ಬಿಯ ದನಿ ಎಲ್ಲಿಂದಲೂ ಬರಲಿಲ್ಲ.

ಟೈಲರಕ್ಕ ಮೊಣಕಾಲಿನ ಮೇಲಿದ್ದ ಬಟ್ಟೆ ಕೊಡವಿ ಎದ್ದು ಬಂದಳು. ಬೆಳಗಿನಿಂದ ತಾನು ಗೇಟಿನ ಎದುರೇ ಕೂತಿದ್ದೇನೆ, ತನ್ನ ಕಣ್ಣು ತಪ್ಪಿಸಿ ಇರುವೆಯೂ ಬೀದಿಗೆ ಹೋಗಿಲ್ಲ ಎಂದು ಆಣೆ ಮಾಡಿ ಹೇಳಿದಳು. ಸಮಾಧಾನಕ್ಕೆ ಹೇಳಿದ ಮಾತದು. ಆದರೆ ಬೀದಿಗೆ ಹೋಗಿಲ್ಲವೆಂದರೆ ಮಗು ಕಟ್ಟಡದೊಳಗೇ ಇರಬೇಕು. ಕಟ್ಟಡದೊಳಗೆ ಇದ್ದೂ ಓಗೊಡುತ್ತಿಲ್ಲ ಎಂದರೆ? ಅಳಿಲಮ್ಮನ ಕಣ್ಣು ತಾನಾಗಿಯೇ ಅಂಗಳದ ಮೂಲೆಗೆ ಹೊರಳಿತು. ಅಲ್ಲಿ ನೆಲದೊಳಗಿನ ನೀರಿನ ತೊಟ್ಟಿ. ಅದರ ಕಬ್ಬಿಣದ ಮುಚ್ಚಳ ಅರ್ಧ ಸರಿದಿತ್ತು.

ಲಾರಿಯ ಹತ್ತಿರ ನಿಂತಿದ್ದ ಮೇಸ್ತ್ರಿ ಅವಳ ಮುಖ ನೋಡಿ, ನೋಟ ಹೋದ ಕಡೆ ನೋಡಿ, ಒಂದು ಮಾತೂ ಆಡದೆ ಓಡಿಬಂದ. ಮುಚ್ಚಳ ಎಳೆದು, ಹೊಟ್ಟೆಯ ಮೇಲೆ ಮಲಗಿ, ತಲೆ ಮತ್ತು ಭುಜ ಒಳಗೆ ಇಳಿಬಿಟ್ಟು, ಸಾಮಾನು ಕಟ್ಟುವ ಉದ್ದನೆಯ ಕೋಲಿನಿಂದ ನೀರಿನ ತಳ ತಡಕಾಡತೊಡಗಿದ. ಕೋಲು ಗೋಡೆಗೆ ತಾಗುವ ಸದ್ದು ಒಂದೊಂದಾಗಿ ಮೇಲೆ ಬರುತ್ತಿತ್ತು. ಅಳಿಲಮ್ಮ ಕಣ್ಣು ಮುಚ್ಚಿಕೊಂಡಳು. ಜೀವಮಾನದಲ್ಲಿ ಅವಳು ಎಷ್ಟೋ ಸದ್ದುಗಳಿಗೆ ಹೆದರಿದ್ದಳು, ಹೆದರುವುದೆಂದರೆ ಏನೆಂದು ಆ ಹೊತ್ತಿನವರೆಗೆ ಅವಳಿಗೆ ಗೊತ್ತಿರಲಿಲ್ಲ. ಕೋಲಿಗೆ ಏನಾದರೂ ಮೆತ್ತಗೆ ತಾಗಿದರೆ ತಾನೂ ಅದೇ ತೊಟ್ಟಿಗೆ ಬೀಳುತ್ತೇನೆ ಎಂದುಕೊಂಡಳು.

"ಇಲ್ಲಮ್ಮ," ಎಂದ ಮೇಸ್ತ್ರಿ, ಬೆವರಿದ ತಲೆ ಎತ್ತಿ. "ನೀರು ಮೊಣಕಾಲುದ್ದ ಇದೆ ಅಷ್ಟೆ. ಇಲ್ಲಿಲ್ಲ. ನಾಲ್ಕು ಮೂಲೆನೂ ನೋಡಿದೆ."

ತಾರಸಿಯ ಟ್ಯಾಂಕಿನಲ್ಲೂ ಇರಲಿಲ್ಲ. ಮೀಟರು ಪೆಟ್ಟಿಗೆಯ ಸಂದಿಯಲ್ಲೂ ಇರಲಿಲ್ಲ. ಖಾಲಿಯಾದ ಮೇಲಿನ ಮನೆಯ ಕೋಣೆ ಕೋಣೆಯಲ್ಲೂ ಅವಳು ಕೂಗಿಕೊಂಡು ಓಡಾಡಿದಳು. ಬರಿಗೋಡೆಗಳು ಅವಳ ದನಿಯನ್ನು ಅವಳಿಗೇ ವಾಪಸ್ ಕೊಟ್ಟವು. ಕೊನೆಗೆ ಲಾರಿಯ ಹಿಂದಿನ ಹಲಗೆ ಹತ್ತಿ, ಸೋಫಾ, ಫ್ರಿಜ್, ಮೂಟೆ, ಗೋಣಿಗಳ ಕತ್ತಲಿಗೂ ಕೂಗಿದಳು. ಗುಬ್ಬೀ, ಗುಬ್ಬೀ ಎಂದು ಗಂಟಲು ಹರಿಯುವ ಹಾಗೆ ಕೂಗಿ ಕಿವಿಗೊಟ್ಟಳು, ಮತ್ತೆ ಕೂಗಿದಳು. ಉತ್ತರವಿರಲಿಲ್ಲ. ಅಲ್ಲಿಗೆ ಲಾರಿಯಲ್ಲೂ ಮಗು ಇಲ್ಲ ಎಂದಾಯಿತು.

ಗಂಡನಿಗೆ ಫೋನು ಮಾಡಿದಳು. ಪೊಲೀಸರಿಗೆ ಹೇಳು, ಹೊರಟೆ ಎಂದ. ಅವನ ದನಿಯೂ ಅವನದಾಗಿರಲಿಲ್ಲ. ಆ ಫೋನು ಮಾಡುವ ಮೊದಲೇ ಮೇಸ್ತ್ರಿ ಕೈ ಹಿಸುಕಿಕೊಳ್ಳುತ್ತಾ ಬಂದು ನಿಂತ. ಹನ್ನೆರಡಾದರೆ ದೊಡ್ಡ ರಸ್ತೆಯಲ್ಲಿ ಲಾರಿ ಬಿಡುವುದಿಲ್ಲ, ಸಂಜೆಯವರೆಗೂ ಬೀದಿಯಲ್ಲೇ ನಿಲ್ಲಬೇಕು, ಆ ಕಡೆ ಸಾಮಾನಿನವರು ಕಾಯುತ್ತಿದ್ದಾರೆ. ಇಬ್ಬರು ಆಳುಗಳನ್ನು ಹುಡುಕಲು ಬಿಟ್ಟು ಹೋಗುತ್ತೇನೆ ಎಂದ. ಅವಳು ತಲೆಯಾಡಿಸಿದಳು. ಲಾರಿ ಗುಡುಗುಡು ಎಂದು ಹೊರಟಿತು.

ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಟೈಲರಕ್ಕ ಅವಳನ್ನು ಹಿಡಿದು ಕೂರಿಸಿದಳು. ಅಳಿಲಮ್ಮ ಅಲ್ಲಿಂದಲೇ ಮತ್ತೆ ಕೂಗಿದಳು. ದನಿ ಒಡೆದು ಹೋಗಿತ್ತು.

"ನಂಗೆ ಒಂದೇ ಅರ್ಥ ಆಗ್ತಿಲ್ಲ," ಎಂದಳು ಟೈಲರಕ್ಕ, ಅರ್ಧ ತನಗೇ ಹೇಳಿಕೊಳ್ಳುವ ಹಾಗೆ. "ಎಲ್ಲೇ ಬಚ್ಚಿಟ್ಕೊಂಡಿರಲಿ, ಹೆತ್ತಮ್ಮ ಹೀಗೆ ಬಡ್ಕೊಳ್ತಿದ್ರೆ ಯಾವ ಮಗು ಓ ಅನ್ನಲ್ಲ?"

ಅಳಿಲಮ್ಮ ಬಾಯಿ ತೆರೆದಳು. ಮುಂದಿನ ಕೂಗು ಗಂಟಲಲ್ಲೇ ನಿಂತಿತು.

ತನ್ನ ಮಗು ಅನ್ನುವುದಿಲ್ಲ. ಅಮ್ಮನ ದೊಡ್ಡ ದನಿ ಕೇಳಿಸಿದರೆ ತನ್ನ ಮಗು ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಒಂದೂವರೆ ವರ್ಷದಿಂದ, ದಿನಕ್ಕೆ ನಾಲ್ಕು ಗಂಟೆ, ನಕ್ಷತ್ರ ಅಂಟಿಸಿ ಅಂಟಿಸಿ ತಾನೇ ಕಲಿಸಿದ್ದು. ಅರ್ಧ ಗಂಟೆಯಿಂದ ತಾನು ಮಗಳನ್ನು ಕರೆಯುತ್ತಿಲ್ಲ, ಸುಮ್ಮನಿರು, ಸುಮ್ಮನಿರು ಎಂದು ಕಿರುಚಿ ಹೇಳುತ್ತಿದ್ದೇನೆ.

"ಅಕ್ಕಾ," ಎಂದಳು ಮೆಲ್ಲಗೆ. "ಗೇಟಿಂದ ಆಚೆ ಹೋಗಿದ್ದು ಏನೇನು?"

"ಅವರ ಸಾಮಾನು ಅಷ್ಟೆ. ಸೋಫಾ, ಫ್ರಿಜ್ಜು, ಆಮೇಲೆ ಒಂದು ಮರದ ಬೀರು. ಅದೊಂದು ನಾಲ್ಕು ಜನ ಹೊತ್ರು. ಬಟ್ಟೆ ಖಾಲಿ ಮಾಡಿಲ್ಲ ಅನ್ಸತ್ತೆ, ಹೆಣಭಾರ ಅಂತ ಬೈಕೊಂಡೇ ಹೋದ್ರು. ಸುತ್ತ ಕಂಬಳಿ ಬೇರೆ..."

ಮಾತು ಮುಗಿಯುವ ಮೊದಲೇ ಅಳಿಲಮ್ಮ ಗೇಟು ದಾಟಿದ್ದಳು. ಚಪ್ಪಲಿ ಇರಲಿಲ್ಲ. ಮರದ ಬೀರು, ಕಂಬಳಿ. ಮೆಟ್ಟಿಲ ಬಳಿ ಬಾಯಿ ತೆರೆದು ನಿಂತಿದ್ದ ಅದನ್ನು ಕಂಡ ಗುಬ್ಬಿಗೆ ಏನನ್ನಿಸಿರಬಹುದು? ಅಮ್ಮನ ಹಾಗೆ ತಾನೂ ಒಳಗೆ ಕೂತು ಅಳಿಲಾಗಬಹುದು ಎಂದು ತಾನೇ? ಒಳಗೆ ಕೂತು ಬಾಗಿಲು ಎಳೆದುಕೊಂಡಿದ್ದಾಳೆ. ಚಹಾ ಕುಡಿದು ಬಂದವರು ಮೇಲೊಂದು ಕಂಬಳಿ ಸುತ್ತಿ ಹಗ್ಗ ಬಿಗಿದಿದ್ದಾರೆ.

ಬೀದಿಯ ತುದಿಯ ತಿರುವು ಇಕ್ಕಟ್ಟಿನದು. ಲಾರಿ ಅಲ್ಲಿ ತಿರುಗಲಾಗದೆ ಹಿಂದೆ ಮುಂದೆ ಮಾಡುತ್ತಿತ್ತು. ಅಷ್ಟು ಸಣ್ಣ ಬೀದಿ ಮಾಡಿದವರಿಗೆ ಪುಣ್ಯ ಬರಲಿ. ಅವಳು ಓಡಿಹೋಗಿ ಲಾರಿಯ ಮೂತಿಗೆ ಎರಡೂ ಅಂಗೈ ಒತ್ತಿ ನಿಂತಳು. ಚಾಲಕ ಬ್ರೇಕು ಒತ್ತಿದ. ಮೇಸ್ತ್ರಿ ಇಳಿದು ಬಂದ.

"ಇಂಜಿನ್ ಆಫ್ ಮಾಡ್ಸಿ. ಯಾರೂ ಮಾತಾಡ್ಬೇಡಿ," ಎಂದಳು ಪಿಸುದನಿಯಲ್ಲಿ. "ನಾನು ಮಾತಾಡಿದ್ರೆ ಅವಳು ಮಾತಾಡಲ್ಲ."

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಆದರೆ ಅವಳ ಕಣ್ಣು ನೋಡಿದ ಮೇಲೆ ಪ್ರಶ್ನೆ ಕೇಳುವ ಧೈರ್ಯ ಅವನಿಗೂ ಬರಲಿಲ್ಲ. ಇಂಜಿನ್ ನಿಂತಿತು. ಹಿಂದಿನ ಹಲಗೆ ಇಳಿಸಿದರು. ಬೀರು ಎಲ್ಲಕ್ಕಿಂತ ಒಳಗಿತ್ತು. ಅದರ ಮುಂದೆ ಫ್ರಿಜ್ಜು, ಮೂಟೆ, ಮೇಜುಗಳು ಎದೆಯೆತ್ತರ ಒಟ್ಟಿದ್ದವು. ಆಳುಗಳು ಅವನ್ನು ತೆಗೆಯತೊಡಗಿದರು. ಒಳಗೆ ಜೀವವಿದೆಯೋ ಇಲ್ಲವೋ ತಿಳಿಯದೆ ಅವಳಿಗೆ ತಡೆಯಲಾಗಲಿಲ್ಲ. ಅಲ್ಲೇ ನಿಲ್ಲಿಸಿ ಎಂದು ಕೈಸನ್ನೆ ಮಾಡಿ, ಮೂಟೆಗಳ ಮೇಲೆ ಹತ್ತಿ, ಕಂಬಳಿಗೆ ಕಿವಿ ಒತ್ತಿದಳು. ತನ್ನ ಬಾಯನ್ನು ತಾನೇ ಕೈಯಿಂದ ಮುಚ್ಚಿಕೊಂಡಳು.

ಏನೂ ಇಲ್ಲ. ಅವಳ ಗುಂಡಿಗೆಯ ಬಡಿತವೇ ಅವಳ ಕಿವಿಯಲ್ಲಿತ್ತು. ಹಿಂದೆ ಯಾರೋ ವಾಹನದವನು ಹಾರ್ನ್ ಹೊಡೆದ, ಮೇಸ್ತ್ರಿ ಓಡಿಹೋಗಿ ಅವನಿಗೆ ಕೈಮುಗಿದ. ಮತ್ತೆ ನಿಶ್ಶಬ್ದ. ಒಳಗೆ ಗಾಳಿ ಎಷ್ಟಿರಬಹುದು? ಎಷ್ಟು ಹೊತ್ತಾಯಿತು? ಕೂಗಬೇಕೆಂದು ಅವಳ ಗಂಟಲು ಹೊಡೆದಾಡುತ್ತಿತ್ತು. ಕೂಗದೆ ಇರುವುದಕ್ಕಿಂತ ಕಷ್ಟದ ಕೆಲಸವನ್ನು ಅವಳು ಯಾವತ್ತೂ ಮಾಡಿರಲಿಲ್ಲ. ಹತ್ತು ಎಣಿಸಿದಳು. ಇಪ್ಪತ್ತು ಎಣಿಸಿದಳು. ಎಣಿಕೆ ತಪ್ಪಿತು.

ಆಗ ಕಂಬಳಿಯ ಆಚೆಯಿಂದ, ತೀರ ದೂರದಿಂದ ಬಂದ ಹಾಗೆ, ಒಂದು ಸಣ್ಣ ದನಿ ಕೇಳಿಸಿತು.

"ಅಮ್ಮಾ... ಆಯ್ತಾ?"

ಅಡ್ಡವಿದ್ದ ಸಾಮಾನನ್ನು ಎಳೆದು ಹಾಕಿದರು. ಹಗ್ಗ ಬಿಚ್ಚುವ ತಾಳ್ಮೆ ಯಾರಿಗೂ ಇರಲಿಲ್ಲ. ಮೇಸ್ತ್ರಿ ಚಾಕುವಿನಿಂದ ಕತ್ತರಿಸಿದ. ಬೀರುವಿನ ಬಾಗಿಲು ತೆರೆದಾಗ ಗುಬ್ಬಿ ಯಾರದೋ ಕೋಟುಗಳ ಕೆಳಗೆ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಬೆವರಿನಿಂದ ಅಂಗಿ ಮೈಗಂಟಿತ್ತು, ತುಟಿ ಬಿಳಿಚಿತ್ತು. ಹಿಂಬದಿಯ ಹಲಗೆ ಒಂದು ಕಡೆ ಸೀಳಿದ್ದರಿಂದ ಅಷ್ಟಿಷ್ಟು ಗಾಳಿ ಆಡುತ್ತಿತ್ತು, ಅದೇ ಅವಳನ್ನು ಉಳಿಸಿತ್ತು. ಅವಳು ಅಳುತ್ತಿರಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಅಮ್ಮ ಹೇಳಬೇಕಾದ ಮಾತನ್ನು ಇನ್ನೂ ಹೇಳಿರಲಿಲ್ಲವಲ್ಲ.

"ಆಯ್ತು ಕಂದಾ," ಎಂದಳು ಅಳಿಲಮ್ಮ. "ಆಯ್ತು. ಆಯ್ತು."

ಅದಾದ ಮೇಲೆಯೇ ಗುಬ್ಬಿ ಅತ್ತದ್ದು.

ಸ್ಕೂಟರಿನಲ್ಲಿ ಬಂದ ಗಂಡ, ಟೈಲರಕ್ಕನ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ನೀರು ಕುಡಿಯುತ್ತಿದ್ದ ಮಗಳನ್ನು ಎತ್ತಿ ಎದೆಗೆ ಒತ್ತಿಕೊಂಡ. ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಭಯಪಡುವಂಥದ್ದೇನಿಲ್ಲ ಎಂದು ಅನ್ನಿಸಿಕೊಂಡು ಬರುವಾಗ, ಮೆಟ್ಟಿಲ ಮೇಲೆ ತಡೆಯಲಾರದೆ ಕೇಳಿದ.

"ಅಮ್ಮ ಅಷ್ಟು ಕೂಗಿದ್ರಲ್ಲ ಮರಿ, ನಿಂಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ ಯಾಕೆ ಕೂಗ್ಲಿಲ್ಲ?"

ಗುಬ್ಬಿಗೆ ಈ ಪ್ರಶ್ನೆ ವಿಚಿತ್ರವೆನಿಸಿತು. "ಅಮ್ಮ ಕೆಲಸ ಮಾಡ್ತಿದ್ಲು," ಎಂದಳು. ಸ್ವಲ್ಪ ಯೋಚಿಸಿ ಸೇರಿಸಿದಳು, "ನಾನು ಮನಸ್ಸಲ್ಲಿ ಕೂಗ್ದೆ. ಜೋರಾಗಿ."

ಹಿಂದೆ ಬರುತ್ತಿದ್ದ ಅಳಿಲಮ್ಮ ಮೆಟ್ಟಿಲಲ್ಲೇ ನಿಂತಳು. ಊರ ಮಕ್ಕಳಿಗೆಲ್ಲ ಎರಡೆರಡು ಭಾಷೆಯಲ್ಲಿ ಬಾಯಿ ಬಿಡಿಸಿದವಳು ಅವಳು. ದೀಪದ ಬುಡದಲ್ಲೇ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ? ಗಂಡ ಬೈಯುತ್ತಾನೆಂದು ಕಾದಳು, ಬೈದರೆ ಒಳ್ಳೆಯದಿತ್ತು. ಅವನು ಬೈಯಲಿಲ್ಲ. ನಾನೂ ಮಧ್ಯಾಹ್ನ ಮಲಗುವಾಗ ಸದ್ದು ಮಾಡಬೇಡ ಎಂದೇ ಹೇಳುತ್ತಿದ್ದೆನಲ್ಲ, ಅವಳ ಮಾತು ಕಡಿಮೆಯಾಯಿತು ಎಂದು ನಿನ್ನನ್ನು ಕೇಳಿದೆ, ನನ್ನನ್ನು ಕೇಳಿಕೊಳ್ಳಲಿಲ್ಲ ಎಂದ.

ಆ ಸಂಜೆಯೇ ಅವಳು ಕೆಂಪು ದೀಪ ಬಿಚ್ಚಿದಳು. ನಕ್ಷತ್ರದ ಸ್ಟಿಕ್ಕರುಗಳನ್ನು ಕಸದ ಬುಟ್ಟಿಗೆ ಹಾಕಿದಳು. ಗಂಡ ಲ್ಯಾಬಿನಲ್ಲಿ ಕೇಳಿ ವಾರದಲ್ಲಿ ಮೂರು ದಿನ ಬೆಳಗಿನ ಪಾಳಿ ಬಿಡಿಸಿಕೊಂಡ. ಅವನು ಮಗಳ ಜೊತೆ ಇರುವ ಆ ಮೂರು ಬೆಳಗ್ಗೆ ಮಾತ್ರ ಅವಳ ಕೆಲಸ. ಟ್ಯಾಬು ಇಟ್ಟುಕೊಂಡರು, ಹೆಡ್‌ಫೋನ್ ತೆಗೆದಿಟ್ಟರು. ಅಳಿಲು ಕೇಳಿದ್ದಕ್ಕೆ ಮೂವರೂ ಬಾಯಿ ಬಿಟ್ಟು ಉತ್ತರ ಹೇಳಬೇಕು ಎಂದಾಯಿತು. ಅಪ್ಪ ಹೇಳಿದ, ಅಮ್ಮ ಹೇಳಿದಳು. ಗುಬ್ಬಿ ಇಬ್ಬರ ಮುಖವನ್ನೂ ನೋಡಿ, ತುಟಿ ಅಲುಗಿಸಿ, ಮನಸ್ಸಿನಲ್ಲೇ ಹೇಳಿದಳು.

ಬೀಗ ಹಾಕುವುದು ಸುಲಭ. ತೆಗೆಯಲು ಹೋದಾಗ ಬೀಗದ ಕೈ ಎಲ್ಲಿಟ್ಟೆವು ಎಂಬುದೇ ಮರೆತಿರುತ್ತದೆ. ಒಂದು ವಾರ ಕಳೆಯಿತು. ಅಮ್ಮ ಫೋನು ಎತ್ತಿದರೆ ಗುಬ್ಬಿ ಈಗಲೂ ಉಸಿರು ಹಿಡಿಯುತ್ತಿದ್ದಳು. ಕಾಲು ಮೇಜಿಗೆ ತಾಗಿ ರಕ್ತ ಬಂದರೂ ಸದ್ದಿಲ್ಲದೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಬೀರುವಿನಿಂದ ಮಗಳು ಹೊರಬಂದರೂ ಭಯ ಅಳಿಲಮ್ಮನನ್ನು ಬಿಡಲಿಲ್ಲ. ತಡವಾಯಿತೇ ಎಂದು ಗಂಡನನ್ನು ಕೇಳಲು ಹೋಗಿ, ಅವನ ಮುಖದಲ್ಲೂ ಅದೇ ಪ್ರಶ್ನೆ ನೋಡಿ, ಕೇಳದೆ ಬಂದಳು.

ಹನ್ನೊಂದನೆಯ ದಿನ ಅವಳು ಬೀರುವಿನೊಳಗಿದ್ದಳು. ಗಂಡ ಹಾಲು ತರಲು ಐದು ನಿಮಿಷ ಕೆಳಗೆ ಹೋಗಿದ್ದ. ಕಂತಿನ ಕೊನೆಯ ಪುಟ, ಬಾತುಕೋಳಿಯ ಕೊನೆಯ ಎರಡು ಸಾಲು. ಒಂದೇ ಏಟಿಗೆ, ಎಲ್ಲೂ ತಡವರಿಸದೆ, ಹದವಾಗಿ ಬರುತ್ತಿತ್ತು. ಇಂಥ ಓದು ತಿಂಗಳಿಗೊಮ್ಮೆ ಸಿಗುವಂಥದ್ದು.

ಬೀರುವಿನ ಬಾಗಿಲಿಗೆ ದಬ್ ಎಂದು ಏನೋ ಬಡಿಯಿತು. ಮತ್ತೊಮ್ಮೆ ಬಡಿಯಿತು.

"ಅಮ್ಮಾ! ನಂಗೆ ನೀರು! ಬಾ ಅಂದ್ರೆ!"

ಅಳಿಲಮ್ಮ ಹೆಡ್‌ಫೋನ್ ತೆಗೆಯುವುದನ್ನೂ ಮರೆತು ಎದ್ದಳು. ಸ್ಟೂಲು ಉರುಳಿತು, ತಂತಿ ಎಳೆದು ಮೈಕು ಬಗ್ಗಿತು. ಬಾಗಿಲು ತೆರೆದಾಗ ಗುಬ್ಬಿ ಖಾಲಿ ಲೋಟ ಹಿಡಿದು ಸಿಟ್ಟಿನಿಂದ ಕೆಂಪಾಗಿ ನಿಂತಿದ್ದಳು. ಇಷ್ಟು ಹೊತ್ತು ಕರೆದರೂ ಬರುವುದಿಲ್ಲವಲ್ಲ ಎಂಬ ಸಿಟ್ಟು. ಅಮ್ಮ ಮೊಣಕಾಲೂರಿ ಕೂತು ತನ್ನನ್ನು ಯಾಕೆ ಹೀಗೆ ತಬ್ಬಿಕೊಂಡಳು ಎಂಬುದು ಅವಳಿಗೆ ತಿಳಿಯಲಿಲ್ಲ. ನೀರು, ನೀರು ಎಂದು ಕಿವಿಯ ಹತ್ತಿರವೇ ಇನ್ನಷ್ಟು ಜೋರಾಗಿ ಕೂಗಿದಳು.

ಆ ಧ್ವನಿಮುದ್ರಣವನ್ನು ಅಳಿಲಮ್ಮ ಹಾಗೇ ಕಳಿಸಿಬಿಟ್ಟಳು. ಗಡಿಬಿಡಿಯಲ್ಲಿ ಕಳಿಸಿದಳೋ, ಬೇಕೆಂದೇ ಕಳಿಸಿದಳೋ, ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಮಧ್ಯಾಹ್ನ ನಿರ್ದೇಶಕರ ಫೋನು ಬಂತು. ಅವರು ಕೆಟ್ಟ ಮನುಷ್ಯರಲ್ಲ, ಅವರ ತಲೆಯ ಮೇಲೂ ಇನ್ನೊಬ್ಬರಿದ್ದರು. ಎಲ್ಲ ಚೆನ್ನಾಗಿದೆ, ಆದರೆ ಕೊನೆಯಲ್ಲಿ ಹಾಳಾಗಿದೆಯಲ್ಲ, ಏನದು ಬಡಿತ, ಯಾರದು ಕೂಗು ಎಂದು ಕೇಳಿದರು.

ಎಂದಿನ ಅಳಿಲಮ್ಮ ಆಗಿದ್ದರೆ ಹತ್ತು ಸಲ ಕ್ಷಮೆ ಕೇಳುತ್ತಿದ್ದಳು. ಈಗಲೂ ಕೆಲಸ ಹೋಗಬಹುದು ಎಂಬುದು ಗೊತ್ತಿತ್ತು.

"ನನ್ನ ಮಗಳು ಸರ್," ಎಂದಳು. "ಬಾಯಾರಿಕೆ ಆಗಿತ್ತು ಅವಳಿಗೆ."

ಕೊನೆಯ ಪುಟವಷ್ಟನ್ನು ಇವತ್ತೇ ಇನ್ನೊಮ್ಮೆ ಓದಿ ಕಳಿಸಲಾದೀತೇ ಎಂದರು ನಿರ್ದೇಶಕರು. ನಾಡಿದ್ದು ಬೆಳಗ್ಗೆ ಓದುತ್ತೇನೆ, ಅವಳಪ್ಪ ಮನೆಯಲ್ಲಿರುತ್ತಾರೆ ಎಂದಳು ಅವಳು. ಅವರು ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಒಳಕೋಣೆಯಿಂದ ಗುಬ್ಬಿ ಅಮ್ಮಾ ಎಂದು ಕೂಗಿದಳು, ಯಾವ ಕಾರಣವೂ ಇಲ್ಲದೆ, ಸುಮ್ಮನೆ. ಅಳಿಲಮ್ಮ ಫೋನನ್ನು ಕಿವಿಯಿಂದ ಪಕ್ಕಕ್ಕೆ ಸರಿಸಿ, ಓ ಎಂದಳು.